ರೈಲು ಬಂತು, ರೈಲು ಮಾಡಿದವರು ಎಲ್ಲಿ?

ಕಳೆದ ತಿಂಗಳು ನಮ್ಮ ಊರಿನಲ್ಲಿ ಒಂದು ಸಣ್ಣ ಜಗಳವಾಯಿತು. ಜಗಳವಾಡಿದವರಿಬ್ಬರೂ ಈ ಪತ್ರಿಕೆಯ ಚಂದಾದಾರರು. ಇಬ್ಬರೂ ಪಕ್ಷಕ್ಕೆ ಹಳಬರು. ಒಬ್ಬರು ನೂಲಿನ ಗಿರಣಿಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿ ದುಡಿದು ನಿವೃತ್ತರಾದ ಕಾಕಾ. ಇನ್ನೊಬ್ಬರು ಪೇಟೆಯಲ್ಲಿ ಆಟಿಕೆ, ನೋಟುಬುಕ್ಕು, ಪೆನ್ಸಿಲ್ಲು ಮಾರುವ ಸಣ್ಣ ಅಂಗಡಿಕಾರರು. ಜಗಳಕ್ಕೆ ಕಾರಣ ಗೇಣಿಗಿಂತ ತುಸು ಉದ್ದವಾದ ಒಂದು ರೈಲು ಇಂಜಿನ್ನು.

ಕಾಕಾ ಅವರ ತಂದೆ ಹುಬ್ಬಳ್ಳಿ ಲೈನಿನಲ್ಲಿ ಮೀಟರ್‌ಗೇಜ್ ಉಗಿಬಂಡಿಗೆ ಕಲ್ಲಿದ್ದಲು ಎಸೆಯುತ್ತಿದ್ದ ಫೈರ್‌ಮನ್. ಆ ಬಂಡಿಗಳೂ ಇಲ್ಲ, ಆ ಹಳಿಗಳೂ ಇಲ್ಲ. ತಂದೆಯ ನೆನಪಿಗೆ ಮನೆಯಲ್ಲೊಂದು ಉಗಿಬಂಡಿ ಓಡಬೇಕೆಂಬುದು ಅವರ ಬಹಳ ದಿನದ ಆಸೆ. ಭವಿಷ್ಯ ನಿಧಿಯ ಪಿಂಚಣಿಯಲ್ಲಿ ಇದು ಆಗುವ ಮಾತಲ್ಲವೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಗ್ರಾಚ್ಯುಯಿಟಿ ಹಣದಲ್ಲಿ ಮಕ್ಕಳಿಗೆ ಕೊಟ್ಟು ಉಳಿದದ್ದನ್ನು ಕೂಡಿಟ್ಟು, ಮೊಮ್ಮಗನ ಕೈಗೆ ಮೊಬೈಲು ಕೊಟ್ಟು, ಇಂಗ್ಲೆಂಡಿನ ಒಂದು ಅಂಗಡಿಯಿಂದ ಅವರು ಈ ಮಾದರಿ ಇಂಜಿನ್ನನ್ನು ತರಿಸಿದರು. "ನಮ್ಮಪ್ಪನ ಬಂಡಿ ಇದಲ್ಲ ಮಾಸ್ತರ್ರ, ಆದ್ರ ಅದರ ತಮ್ಮ ಇದ್ದಂಗ ಐತಿ" ಎಂದು ನನಗೆ ತೋರಿಸಿದಾಗ ಅವರ ಮುಖದಲ್ಲಿದ್ದ ಸಂತೋಷವನ್ನು ನಾನು ಮರೆಯಲಾರೆ.

ಅಂಗಡಿಕಾರರಿಗೆ ಮಾತ್ರ ಸಂತೋಷವಾಗಲಿಲ್ಲ. "ಸಭೆಯೊಳಗ ಕಾಕಾ, ಸಣ್ಣ ವ್ಯಾಪಾರಿ ಉಳೀಬೇಕು ಅಂತ ಭಾಷಣಾ ಮಾಡ್ತಾರ. ರೊಕ್ಕ ಮಾತ್ರ ಸಮುದ್ರದಾಚೆ ಕಳಸ್ತಾರ. ಇದು ಯಾವ ನ್ಯಾಯರಿ?" ಎಂದರು. "ಇವರ ಅಂಗಡ್ಯಾಗ ಇಂಥಾ ಇಂಜಿನ್ ಎಲ್ಲೈತಿ? ಇದ್ದಿದ್ರ ಇವರ ಕಡೇನ ತಗೊಂತಿದ್ದೆ" ಎಂದರು ಕಾಕಾ. ಇಬ್ಬರೂ ನನ್ನ ಕಡೆ ನೋಡಿದರು. ಶಾಲೆ ಬಿಟ್ಟರೂ ಪಂಚಾಯಿತಿ ಮಾಡುವ ಮಾಸ್ತರಿಕೆ ನನ್ನನ್ನು ಬಿಟ್ಟಿಲ್ಲ. ವಿಚಾರ ಮಾಡಿ ಪತ್ರಿಕೆಯಲ್ಲಿ ಬರೆಯುತ್ತೇನೆಂದು ಹೇಳಿ ಬಂದೆ. ಆ ಮಾತನ್ನು ಈಗ ನಡೆಸುತ್ತಿದ್ದೇನೆ.

ಮೊದಲು ಸರಕಿನ ವಿಚಾರ. ಇದು ಕೀಲಿ ಕೊಟ್ಟರೆ ಗಿರ್ರನೆ ತಿರುಗುವ ಜಾತ್ರೆಯ ತಗಡಿನ ರೈಲಲ್ಲ. ನಿಜವಾದ ಇಂಜಿನ್ನಿನ ಅಳತೆಯನ್ನೆಲ್ಲ ಲೆಕ್ಕ ಹಾಕಿ ಕಿರಿದುಗೊಳಿಸಿದ ಮಾದರಿ. ಬ್ರಿಟನ್ನಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸುಮಾರು ೭೬ರಲ್ಲಿ ಒಂದು ಪಾಲಿನ ಅಳತೆ. ಯುರೋಪು ಮತ್ತು ಅಮೆರಿಕಗಳಲ್ಲಿ ೮೭ರಲ್ಲಿ ಒಂದು ಪಾಲು. ಎರಡೂ ಓಡುವುದು ೧೬.೫ ಮಿಲಿಮೀಟರ್ ಅಗಲದ ಹಳಿಯ ಮೇಲೆ. ಉಕ್ಕಿನ ಅಚ್ಚಿನಲ್ಲಿ ಪ್ಲಾಸ್ಟಿಕ್ಕನ್ನೂ ಲೋಹವನ್ನೂ ಎರಕ ಹೊಯ್ದು, ಬಣ್ಣ ಹಚ್ಚಿ, ಕೂದಲಿನಷ್ಟು ಸಣ್ಣ ಅಕ್ಷರಗಳನ್ನು ಅಚ್ಚೊತ್ತಿ, ತಂತಿಯಷ್ಟು ತೆಳುವಾದ ಕೈಕಂಬಿಗಳನ್ನು ಚಿಮಟದಿಂದ ಒಂದೊಂದಾಗಿ ಸೇರಿಸುತ್ತಾರೆ. ಈ ಕೊನೆಯ ಕೆಲಸ ಇಂದಿಗೂ ಮನುಷ್ಯರ ಕೈಯಲ್ಲೇ ನಡೆಯುತ್ತದೆ. ಇದನ್ನು ನೆನಪಿಡಬೇಕು, ಮುಂದೆ ಇದರ ಮಾತು ಬರುತ್ತದೆ.

ಪರದೇಶದ ಅಂಗಡಿಯಿಂದ ತರಿಸುವವರಿಗೆ ಸಿಗುವ ಲಾಭವೇನು? ಇದರ ಗುಟ್ಟು ಸರಳ. ಬ್ರಿಟನ್ನಿನ ಅಂಗಡಿಯಲ್ಲಿ ೧೮೦ ಪೌಂಡು ಎಂದು ಬೆಲೆ ಬರೆದಿದ್ದರೆ, ಅದರಲ್ಲಿ ೩೦ ಪೌಂಡು ಅಲ್ಲಿನ ಸರ್ಕಾರದ ತೆರಿಗೆ. ಮೂಲ ಬೆಲೆಯ ಮೇಲೆ ಶೇಕಡ ೨೦. ಸರಕು ದೇಶದಿಂದ ಹೊರಗೆ ಹೋಗುವುದಾದರೆ ಈ ತೆರಿಗೆಯನ್ನು ಬಿಟ್ಟು ೧೫೦ಕ್ಕೆ ಕೊಡಬಹುದು. ಆಯ್ಕೆಯೂ ಅಪಾರ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಸಾಗಣೆಯ ವೆಚ್ಚ ಸೇರುತ್ತದೆ. ನಮ್ಮ ದೇಶದಲ್ಲಿ ಆಮದು ಸುಂಕವನ್ನು ಬರಿಯ ಸರಕಿನ ಬೆಲೆಯ ಮೇಲೆ ಹಾಕುವುದಿಲ್ಲ. ಸಾಗಣೆ ಮತ್ತು ವಿಮೆಯನ್ನೂ ಸೇರಿಸಿದ ಮೊತ್ತದ ಮೇಲೆ ಹಾಕುತ್ತಾರೆ. ಆ ಸುಂಕವನ್ನೂ ಕೂಡಿಸಿ ಅದರ ಮೇಲೆ ಜಿ.ಎಸ್.ಟಿ. ಹಾಕುತ್ತಾರೆ. ಕೊರಿಯರ್ ಕಂಪನಿ ತನ್ನ ಓಡಾಟದ ಶುಲ್ಕವನ್ನು ಬೇರೆ ಹೇಳುತ್ತದೆ. ಅಗ್ಗವೆಂದು ಹೊರಟ ಇಂಜಿನ್ನು ಮನೆ ಬಾಗಿಲಿಗೆ ಬರುವಾಗ ಅಗ್ಗವಾಗಿರುವುದಿಲ್ಲ. ಬೆಲೆಯನ್ನು ಕಡಿಮೆ ಬರೆದು "ಉಡುಗೊರೆ" ಎಂದು ಕಳಿಸಿರೆಂದು ಕೆಲವರು ಮಾರುವವನಿಗೆ ಹೇಳುತ್ತಾರಂತೆ. ಅದು ಸುಳ್ಳು ಲೆಕ್ಕ. ಪೊಟ್ಟಣ ದಾರಿಯಲ್ಲಿ ಕಳೆದುಹೋದರೆ ವಿಮೆಯ ಹಣವೂ ಸಿಗದೆ ಹೋಗಬಹುದು. ಕಾಕಾ ಹಾಗೆ ಮಾಡಲಿಲ್ಲ. ಪೂರ್ತಿ ಸುಂಕ ಕಟ್ಟಿ ರಸೀದಿಯನ್ನು ಗೋಡೆಗೆ ಅಂಟಿಸಿದ್ದಾರೆ.

ಇನ್ನು ಇಂಜಿನ್ನನ್ನು ಮಗುಚಿ ನೋಡೋಣ. ಪೆಟ್ಟಿಗೆಯ ಮೇಲೆ ಇಂಗ್ಲೆಂಡಿನ ಹೆಸರು, ಇಂಗ್ಲೆಂಡಿನ ಚಿತ್ರ. ಇಂಜಿನ್ನಿನ ಹೊಟ್ಟೆಯ ಕೆಳಗೆ ಮಾತ್ರ ಇರುವೆ ಸಾಲಿನಂತಹ ಅಕ್ಷರಗಳಲ್ಲಿ "ಚೀನಾದಲ್ಲಿ ತಯಾರಾದದ್ದು" ಎಂದಿದೆ. ಇಂಗ್ಲೆಂಡಿನ ರೈಲು ಚೀನಾದಲ್ಲಿ ಹುಟ್ಟಿದ್ದು ಹೇಗೆ?

ಈ ಉದ್ಯಮದಲ್ಲಿ ಬಹು ಪ್ರಸಿದ್ಧವಾದ ಹೆಸರು ಹಾರ್ನ್‌ಬಿ. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ೧೯೦೧ರಲ್ಲಿ, ತೂತು ಕೊರೆದ ಲೋಹದ ಪಟ್ಟಿಗಳನ್ನು ಜೋಡಿಸುವ ಆಟಿಕೆಗೆ ಹಕ್ಕುಪತ್ರ ಪಡೆದ. ಅದೇ ಮುಂದೆ ಮೆಕ್ಯಾನೊ ಎಂದು ಹೆಸರಾಯಿತು. ೧೯೨೦ರಲ್ಲಿ ಕೀಲಿಯ ರೈಲು, ೧೯೩೮ರಲ್ಲಿ "ಡಬ್ಲೋ" ಎಂಬ ಸಣ್ಣ ಅಳತೆಯ ರೈಲು ಅವನ ಕಂಪನಿಯಿಂದ ಬಂದವು. ಹಾರ್ನ್‌ಬಿ ೧೯೩೧ರಲ್ಲಿ ಕನ್ಸರ್ವೇಟಿವ್ ಪಕ್ಷದಿಂದ ಪಾರ್ಲಿಮೆಂಟಿಗೂ ಹೋದ. ರೈಲನ್ನು ಜೋಡಿಸಿದ ಕೈಗಳು ಪಾರ್ಲಿಮೆಂಟಿಗೆ ಹೋಗಲಿಲ್ಲ. ಅವು ಲಿವರ್‌ಪೂಲಿನ ಬಿನ್ಸ್ ರಸ್ತೆಯ ಕಾರ್ಖಾನೆಯಲ್ಲೇ ಉಳಿದವು. ೧೯೬೪ರಲ್ಲಿ ಕಂಪನಿ ಮತ್ತೊಬ್ಬ ಒಡೆಯನ ಕೈಸೇರಿತು. ರೈಲಿನ ತಯಾರಿಕೆ ಕೆಂಟ್ ಪ್ರಾಂತದ ಮಾರ್ಗೇಟಿಗೆ ಹೋಯಿತು. ಉಳಿದ ಆಟಿಕೆಗಳನ್ನು ಮಾಡುತ್ತಿದ್ದ ಬಿನ್ಸ್ ರಸ್ತೆಯ ಕಾರ್ಖಾನೆಗೆ ೧೯೭೯ರ ನವೆಂಬರಿನಲ್ಲಿ ಬೀಗ ಬೀಳಲಿತ್ತು. ಕಾರ್ಮಿಕರು ಹೊರಗೆ ಹೋಗಲೊಪ್ಪದೆ ಒಳಗೇ ಕುಳಿತು ಹೋರಾಡಿದರು. ಆದರೂ ಕಾರ್ಖಾನೆ ಉಳಿಯಲಿಲ್ಲ. ಗಿರಣಿಯ ಗೇಟಿಗೆ ಬೀಗ ಬಿದ್ದುದನ್ನು ಕಂಡ ನಮ್ಮ ಓದುಗರಿಗೆ ಆ ದಿನದ ಚಳಿ ಎಂಥದೆಂದು ಗೊತ್ತು.

ಮಾರ್ಗೇಟಿನ ಗತಿಯೂ ಬೇರೆಯಾಗಲಿಲ್ಲ. ೧೯೯೦ರ ದಶಕದಲ್ಲಿ ಹಾರ್ನ್‌ಬಿ ಕಂಪನಿ ತನ್ನ ತಯಾರಿಕೆಯನ್ನು ಚೀನಾದ ಗುತ್ತಿಗೆ ಕಾರ್ಖಾನೆಗಳಿಗೆ ಸಾಗಿಸಿತು. ಹೆಸರು ಇಂಗ್ಲೆಂಡಿನಲ್ಲಿ ಉಳಿಯಿತು, ಕೆಲಸ ಹೊರಟುಹೋಯಿತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಚಿಮಟ ಹಿಡಿದು ಕಂಬಿ ಸೇರಿಸುವ ಕೈಗೆ ಅಲ್ಲಿ ಕೊಡಬೇಕಾದ ಕೂಲಿ ಕಡಿಮೆ. ಅಷ್ಟರಲ್ಲಿ ಹಾಂಗ್‌ಕಾಂಗಿನ ಕಾಡರ್ ಎಂಬ ಸಂಸ್ಥೆ ಈ ಉದ್ಯಮದಲ್ಲಿ ದೊಡ್ಡದಾಗಿ ಬೆಳೆದಿತ್ತು. ಅಮೆರಿಕದಲ್ಲಿ ೧೮೩೩ರಲ್ಲಿ ಆರಂಭವಾಗಿದ್ದ ಬ್ಯಾಕ್‌ಮನ್ ಕಂಪನಿಯನ್ನು ೧೯೮೭ರಲ್ಲಿ ಅದು ಕೊಂಡಿತು. ಜಗತ್ತಿನ ಮಾದರಿ ರೈಲುಗಳ ದೊಡ್ಡ ಪಾಲನ್ನು ತಯಾರಿಸುತ್ತಿದ್ದ ಸಾಂಡಾ ಕಾನ್ ಎಂಬ ಗುತ್ತಿಗೆ ಕಂಪನಿಯನ್ನೂ ೨೦೦೮ರಲ್ಲಿ ಕೊಂಡಿತು.

ಇದೇ ಕಾಡರ್ ಸಂಸ್ಥೆಯ ಪಾಲಿದ್ದ ಒಂದು ಆಟಿಕೆ ಕಾರ್ಖಾನೆ ಥಾಯ್ಲೆಂಡಿನ ನಖೋನ್ ಪಥೋಮ್ ಪ್ರಾಂತದಲ್ಲಿತ್ತು. ೧೯೯೩ರ ಮೇ ೧೦ರಂದು ಅಲ್ಲಿ ಬೆಂಕಿ ಬಿತ್ತು. ಕೆಳಗೆ ಬಟ್ಟೆ, ಹತ್ತಿ, ಪ್ಲಾಸ್ಟಿಕ್ಕಿನ ರಾಶಿ. ಮೇಲಿನ ಮಹಡಿಗಳಲ್ಲಿ ಕೆಲಸಗಾರರು. ಹೊರಬರುವ ಬಾಗಿಲುಗಳು ಸಾಲದು, ಇದ್ದವುಗಳಲ್ಲಿ ಕೆಲವಕ್ಕೆ ಬೀಗ. ಬೆಂಕಿಯಿಂದ ರಕ್ಷಣೆಯಿಲ್ಲದ ಉಕ್ಕಿನ ಕಂಬಗಳು ಬಾಗಿ ಕಟ್ಟಡವೇ ಕುಸಿಯಿತು. ೧೮೮ ಜನ ಸತ್ತರು. ಬಹುಪಾಲು ಹಳ್ಳಿಗಳಿಂದ ದುಡಿಯಲು ಬಂದಿದ್ದ ಎಳೆಯ ಹೆಣ್ಣುಮಕ್ಕಳು. ನೂರಾರು ಜನ ಮೇಲಿಂದ ಹಾರಿ ಕೈಕಾಲು ಮುರಿದುಕೊಂಡರು. ೧೯೧೧ರಲ್ಲಿ ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಯ ಬೆಂಕಿಯಲ್ಲಿ ಸತ್ತವರು ೧೪೬. ಎಂಬತ್ತು ವರ್ಷ ಕಳೆದ ಮೇಲೂ ಅದೇ ಬೀಗ, ಅದೇ ಬೆಂಕಿ, ಸಾವು ಮಾತ್ರ ಹೆಚ್ಚು. ಅದೇ ವರ್ಷದ ನವೆಂಬರಿನಲ್ಲಿ ಚೀನಾದ ಷೆಂಜೆನ್ ನಗರದ ಇನ್ನೊಂದು ಆಟಿಕೆ ಕಾರ್ಖಾನೆ ಉರಿದು ಎಂಬತ್ತಕ್ಕೂ ಹೆಚ್ಚು ಕೆಲಸಗಾರರು ಸತ್ತರು. ಅಲ್ಲಿಯೂ ಬಾಗಿಲುಗಳಿಗೆ ಬೀಗ, ಕಿಟಕಿಗಳಿಗೆ ಸರಳು.

ನ್ಯಾಯವಾಗಿ ಹೇಳಬೇಕು: ಥಾಯ್ಲೆಂಡಿನ ಆ ಕಾರ್ಖಾನೆಯಲ್ಲಿ ಮಾಡುತ್ತಿದ್ದುದು ಗೊಂಬೆಗಳನ್ನು ಮತ್ತು ಪ್ಲಾಸ್ಟಿಕ್ ಆಟಿಕೆಗಳನ್ನು, ಮಾದರಿ ರೈಲುಗಳನ್ನಲ್ಲ. ಕಾಕಾ ಅವರ ಇಂಜಿನ್ನಿಗೆ ಆ ರಕ್ತದ ಕಲೆ ಇದೆಯೆಂದು ನಾನು ಹೇಳುತ್ತಿಲ್ಲ. ಹೇಳುವುದು ಇಷ್ಟೇ. ಕಾಕಾ ಕಟ್ಟಿದ ರಸೀದಿಯಲ್ಲಿ ಸುಂಕ ಎಷ್ಟೆಂದು ಬರೆದಿದೆ, ಸಾಗಣೆ ಎಷ್ಟೆಂದು ಬರೆದಿದೆ. ಇಂಜಿನ್ನಿಗೆ ಕಂಬಿ ಸೇರಿಸಿದ ಹುಡುಗಿಗೆ ಎಷ್ಟು ಸಿಕ್ಕಿತೆಂದು ಎಲ್ಲಿಯೂ ಬರೆದಿಲ್ಲ. ಅವಳ ಕಾರ್ಖಾನೆಯ ಹೆಸರೂ ಇಲ್ಲ. ಅಲ್ಲಿ ಬಾಗಿಲಿಗೆ ಬೀಗ ಇದೆಯೋ ಇಲ್ಲವೋ ಕೊಳ್ಳುವವನಿಗೆ ಗೊತ್ತಾಗುವ ದಾರಿಯೇ ಇಲ್ಲ.

ಇನ್ನು ಅಂಗಡಿಯ ಮಾತು. ನಮ್ಮ ಅಂಗಡಿಕಾರರು, ಪರದೇಶದ ಅಂಗಡಿಗಳು ಸುಖವಾಗಿವೆ, ನಾವು ಮಾತ್ರ ಸಾಯುತ್ತಿದ್ದೇವೆ ಎಂದು ತಿಳಿದಿದ್ದಾರೆ. ಅದು ಹಾಗಿಲ್ಲ. ೧೯೪೬ರಲ್ಲಿ ಲಿವರ್‌ಪೂಲಿನಲ್ಲಿ ಆರಂಭವಾದ ಹ್ಯಾಟನ್ಸ್ ಎಂಬ ಮಾದರಿ ರೈಲಿನ ಅಂಗಡಿ ಬ್ರಿಟನ್ನಿನ ದೊಡ್ಡ ಅಂಗಡಿಗಳಲ್ಲೊಂದಾಗಿ ಬೆಳೆದು, ದೇಶದೇಶಗಳ ಗಿರಾಕಿಗಳಿಗೆ ಪೊಟ್ಟಣ ಕಳಿಸುತ್ತಿತ್ತು. ೨೦೨೪ರ ಜನವರಿಯಲ್ಲಿ ಅದು ತನ್ನ ಬಾಗಿಲು ಮುಚ್ಚುವುದಾಗಿ ಸಾರಿತು. ಮೊದಲು ಮಾಡುವವನ ಕೆಲಸ ಹೋಯಿತು, ಆಮೇಲೆ ಮಾರುವವನ ಅಂಗಡಿಯೂ ಹೋಯಿತು. ಲಿವರ್‌ಪೂಲಿನ ಅಂಗಡಿಕಾರನೂ ನಮ್ಮ ಪೇಟೆಯ ಅಂಗಡಿಕಾರರೂ ಒಂದೇ ಗಾಳಿಗೆ ಸಿಕ್ಕ ದೀಪಗಳು.

ಇದೆಲ್ಲ ವ್ಯಾಪಾರದ ಸಹಜ ಗತಿ, ಯಾರೇನು ಮಾಡಲಾದೀತು ಎನ್ನುವವರಿದ್ದಾರೆ. ಅದು ಸುಳ್ಳು. ಪೊಟ್ಟಣದ ದಾರಿಯನ್ನು ತೆರೆಯುವುದೂ ಮುಚ್ಚುವುದೂ ಕಾನೂನು. ಬ್ರಿಟನ್ನಿನಲ್ಲಿ ಸಣ್ಣ ಬೆಲೆಯ ಆಮದು ಪೊಟ್ಟಣಗಳಿಗೆ ತೆರಿಗೆಯ ಮಾಫಿ ಇತ್ತು. ಅದರ ಆಸರೆಯಲ್ಲಿ ದೊಡ್ಡ ಕಂಪನಿಗಳು ಪಕ್ಕದ ಜರ್ಸಿ ಮುಂತಾದ ದ್ವೀಪಗಳಿಂದ ಹಾಡಿನ ತಟ್ಟೆಗಳನ್ನು ತೆರಿಗೆಯಿಲ್ಲದೆ ಕಳಿಸಿ, ತೆರಿಗೆ ಕಟ್ಟುವ ಬೀದಿಯ ಅಂಗಡಿಗಳ ಹೊಟ್ಟೆಗೆ ಹೊಡೆದವು. ಅಂಗಡಿಕಾರರು ಹೋರಾಡಿದರು, ೨೦೧೨ರ ಏಪ್ರಿಲಿನಲ್ಲಿ ಆ ದ್ವೀಪಗಳ ಮಾಫಿ ರದ್ದಾಯಿತು. ಯುರೋಪಿನ ಒಕ್ಕೂಟ ೨೨ ಯೂರೋವರೆಗಿನ ಇಂಥ ಮಾಫಿಯನ್ನು ೨೦೨೧ರ ಜುಲೈ ೧ರಿಂದ ತೆಗೆಯಿತು. ಅಮೆರಿಕದಲ್ಲಿ ೮೦೦ ಡಾಲರಿನವರೆಗಿನ ಪೊಟ್ಟಣ ಸುಂಕವಿಲ್ಲದೆ ಬರುತ್ತಿತ್ತು. ೨೦೨೫ರ ಆಗಸ್ಟ್ ೨೯ರಿಂದ ಎಲ್ಲ ದೇಶಗಳಿಗೂ ಅದು ನಿಂತಿತು.

ಆದರೆ ಒಳ್ಳೆಯ ಕಾನೂನೂ ಬಡವನ ಮೇಲೆ ಬೀಳಬಹುದು. ೨೦೨೧ರ ಜನವರಿ ೧ರಿಂದ, ೧೩೫ ಪೌಂಡಿಗೆ ಮೀರದ ಸರಕನ್ನು ಬ್ರಿಟನ್ನಿಗೆ ನೇರವಾಗಿ ಮಾರುವ ಪರದೇಶದ ವ್ಯಾಪಾರಿ ಅಲ್ಲಿ ನೋಂದಣಿ ಮಾಡಿಸಿ, ತೆರಿಗೆಯನ್ನು ತಾನೇ ವಸೂಲು ಮಾಡಿ ಕಟ್ಟಬೇಕಾಯಿತು. ದೊಡ್ಡ ಕಂಪನಿಗೆ ಇದು ಇನ್ನೊಬ್ಬ ಗುಮಾಸ್ತನ ಕೆಲಸ. ಸಣ್ಣ ಅಂಗಡಿಗೆ ಇದು ಬೆಟ್ಟದ ಭಾರ. ಯುರೋಪಿನ ಕೆಲವು ಸಣ್ಣ ಅಂಗಡಿಗಳು ಬ್ರಿಟನ್ನಿಗೆ ಕಳಿಸುವುದನ್ನೇ ಬಿಟ್ಟವು. ಅಮೆರಿಕದ ಹೊಸ ನಿಯಮ ಬಂದಾಗ ನಮ್ಮ ಅಂಚೆ ಇಲಾಖೆಯೂ ಕೆಲಕಾಲ ಆ ದೇಶಕ್ಕೆ ಪೊಟ್ಟಣ ತೆಗೆದುಕೊಳ್ಳುವುದನ್ನು ನಿಲ್ಲಿಸಬೇಕಾಯಿತು. ನಮ್ಮ ಕಡೆಯಿಂದ ಮರದ ಗೊಂಬೆಯನ್ನು ಅಂಚೆಯಲ್ಲಿ ಕಳಿಸುವ ಬಡ ಕುಶಲಕರ್ಮಿಗೂ ಅದೇ ಬಾಗಿಲು ಮುಚ್ಚಿತು.

ನಮ್ಮ ಸರ್ಕಾರದ ದಾರಿ ಇನ್ನೊಂದು. ಆಟಿಕೆಗಳ ಮೇಲಿನ ಆಮದು ಸುಂಕವನ್ನು ೨೦೨೦ರಲ್ಲಿ ಶೇಕಡ ೨೦ರಿಂದ ೬೦ಕ್ಕೆ, ೨೦೨೩ರಲ್ಲಿ ೭೦ಕ್ಕೆ ಏರಿಸಿದರು. ಸುಂಕದ ಪಟ್ಟಿಯಲ್ಲಿ ಆಟಿಕೆಯೂ ಮಾದರಿ ರೈಲೂ ಒಂದೇ ಸಾಲಿನವು. ಸ್ವದೇಶಿ ಆಟಿಕೆ ಉಳಿಯಲಿ ಎಂಬುದು ಹೇಳಿದ ಕಾರಣ. ಚನ್ನಪಟ್ಟಣದಲ್ಲಿ ಆಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿ ಮರದ ರೈಲು ಮಾಡುವವನು ಉಳಿಯಬೇಕು, ಇದರಲ್ಲಿ ನಮ್ಮ ತಕರಾರಿಲ್ಲ. ನಾವು ಕೇಳುವುದು ಬೇರೆ. ಸುಂಕ ಏರಿದ ದಿನ ಆಮದು ಸರಕಿನ ಬೆಲೆ ಏರಿತು. ಅದರ ನೆರಳಲ್ಲಿ ಇಲ್ಲಿನ ಕಾರ್ಖಾನೆಯವನು ತನ್ನ ಬೆಲೆಯನ್ನೂ ಏರಿಸಬಹುದು. ಆದರೆ ಕಡೆಯುವವನ ಕೂಲಿಯೂ ಏರತಕ್ಕದ್ದೆಂದು ಯಾವ ಅಧಿಸೂಚನೆಯಲ್ಲಿ ಬರೆದಿದೆ? ಸುಂಕದ ಗೋಡೆ ಕಟ್ಟಿದ ಮಾತ್ರಕ್ಕೆ ಗೋಡೆಯೊಳಗಿನ ಕೆಲಸಗಾರನಿಗೆ ಅನ್ನ ಸಿಗುವುದಿಲ್ಲ. ಗೋಡೆಯೊಳಗೂ ಒಡೆಯರಿದ್ದಾರೆ, ಗೋಡೆಯ ಹೊರಗೂ ಒಡೆಯರಿದ್ದಾರೆ.

ಆದುದರಿಂದ ಸುಲಭದ ಎರಡು ಉತ್ತರಗಳನ್ನೂ ನಾವು ಒಪ್ಪಲಾಗದು. ಎಲ್ಲವೂ ಬರಲಿ, ಅಗ್ಗವೇ ದೇವರು ಎನ್ನುವವನು ನಖೋನ್ ಪಥೋಮಿನ ಬೀಗವನ್ನು ಮರೆಸುತ್ತಾನೆ. ಪರದೇಶದ ಪೊಟ್ಟಣವೇ ಪಾಪ ಎನ್ನುವವನು, ತಂದೆಯ ನೆನಪಿಗೆ ಇಂಜಿನ್ನು ತರಿಸಿದ ಮುದುಕನನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿ, ನಿಜವಾದ ಅಪರಾಧಿಗೆ ಕುರ್ಚಿ ಕೊಡುತ್ತಾನೆ. ದುಡಿಯುವವನಿಗೆ ಅನ್ನದಂತೆ ಆಟವೂ ಬೇಕು. ಮಾದರಿ ರೈಲು ಶ್ರೀಮಂತರ ಹಜಾರಕ್ಕೆ ಮಾತ್ರ ತಕ್ಕದ್ದೆಂದು ಯಾರೂ ಬರೆದಿಟ್ಟಿಲ್ಲ.

ಹಾಗಾದರೆ ಕೇಳತಕ್ಕದ್ದೇನು? ಒಂದನೆಯದು: ಪೆಟ್ಟಿಗೆಯ ಮೇಲೆ ದೇಶದ ಹೆಸರಷ್ಟೇ ಸಾಲದು, ತಯಾರಿಸಿದ ಕಾರ್ಖಾನೆಯ ಹೆಸರೂ ಊರೂ ಇರಬೇಕು. ಹೆಸರಿದ್ದರೆ ಅಲ್ಲಿನ ಬಾಗಿಲು ತೆರೆದಿದೆಯೇ, ಸಂಘ ಕಟ್ಟಲು ಬಿಡುತ್ತಾರೆಯೇ ಎಂದು ಕೇಳಬಹುದು. ಪರದೇಶದ ಸರಕಿಗೆ ಈ ನಿಯಮ ಹಾಕುವವರು ನಮ್ಮ ಕಾರ್ಖಾನೆಗಳಿಗೂ ಹಾಕಬೇಕು. ಎರಡನೆಯದು: ಅಂಗಡಿಯಲ್ಲಿ ಕೊಂಡರೂ ಅಂಚೆಯಲ್ಲಿ ತರಿಸಿದರೂ ತೆರಿಗೆ ಒಂದೇ ಇರಲಿ, ಕಟ್ಟುವ ವಿಧಾನ ಸಣ್ಣವನ ಕೈಗೆಟುಕಲಿ. ಮೂರನೆಯದು: ಆಟಿಕೆಯ ಸುಂಕದಿಂದ ಬಂದ ಹಣದ ಒಂದು ಪಾಲು ಆಟಿಕೆ ಮಾಡುವವರ ವಿಮೆಗೂ ಪಿಂಚಣಿಗೂ ಹೋಗಲಿ. ಅವರ ಹೆಸರಿನಲ್ಲಿ ಎತ್ತಿದ ಸುಂಕದಲ್ಲಿ ಅವರಿಗೆ ಪಾಲಿಲ್ಲವೆಂದರೆ ಏನರ್ಥ?

ಕಾನೂನು ಬರುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ನಮ್ಮ ಅಂಗಡಿಕಾರರು ವರ್ಷಕ್ಕೊಂದು ಮಾರಾಟವಾಗುವ ಇಂಜಿನ್ನಿಗೆ ಬಂಡವಾಳ ಹಾಕಲಾರರು, ನಿಜ. ಪರದೇಶದಿಂದ ಮಾರಾಟಕ್ಕೆ ತರಿಸಲು ಆಮದು ಸಂಕೇತ ಸಂಖ್ಯೆ ಬೇಕು. ಮಕ್ಕಳ ಆಟಿಕೆಯಾದರೆ ೨೦೨೧ರಿಂದ ಐ.ಎಸ್.ಐ. ಮುದ್ರೆಯೂ ಕಡ್ಡಾಯ. ಒಬ್ಬ ಸಣ್ಣ ಅಂಗಡಿಕಾರನಿಗೆ ಇದು ಹೊರೆ, ಹತ್ತು ಊರಿನ ಅಂಗಡಿಕಾರರ ಸಹಕಾರ ಸಂಘಕ್ಕೆ ಹೊರೆಯಲ್ಲ. ಕಾಕಾ ಅವರಂತಹ ಹವ್ಯಾಸಿಗಳು ಊರಿಗೆ ಇಬ್ಬರು ಮೂವರಾದರೂ ಇರುತ್ತಾರೆ. ಅವರ ಬೇಡಿಕೆಗಳನ್ನು ಸಂಘ ಒಟ್ಟುಗೂಡಿಸಿ ನಿಯಮದಂತೆ ತರಿಸಿದರೆ, ಸಾಗಣೆಯ ವೆಚ್ಚ ಹಂಚಿಹೋಗುತ್ತದೆ, ಅಂಗಡಿಕಾರನಿಗೆ ನ್ಯಾಯವಾದ ದಸ್ತೂರಿ ಸಿಗುತ್ತದೆ, ಕೆಟ್ಟರೆ ಕೇಳಲು ಊರಿನಲ್ಲೇ ಒಬ್ಬ ಮನುಷ್ಯ ಇರುತ್ತಾನೆ.

ಈ ಕೊನೆಯ ಮಾತು ನಾನು ಸುಮ್ಮನೆ ಬರೆದದ್ದಲ್ಲ. ಕಾಕಾ ಅವರ ಇಂಜಿನ್ನು ಮೊದಲ ದಿನ ಓಡಲೇ ಇಲ್ಲ. ದಾರಿಯ ಕುಲುಕಾಟದಲ್ಲಿ ಒಳಗಿನ ಒಂದು ತಂತಿ ಬಿಟ್ಟಿತ್ತು. ಇಂಗ್ಲೆಂಡಿಗೆ ಹಿಂದೆ ಕಳಿಸಿದರೆ ಹೋಗುವ ಖರ್ಚು, ಮತ್ತೆ ಬರುವಾಗ ಸುಂಕದ ಗೋಳು. ಆ ಜಗಳವಾದ ಸಂಜೆ ಅಂಗಡಿಕಾರರ ಮಗ, ಅಂಗಡಿಯ ಮೂಲೆಯಲ್ಲಿ ಮೊಬೈಲು ರಿಪೇರಿ ಮಾಡುವ ಹುಡುಗ, ಇಂಜಿನ್ನನ್ನು ಬಿಚ್ಚಿ ಕನ್ನಡಕ ಸರಿಮಾಡಿಕೊಂಡು ಆ ತಂತಿಗೆ ಬೆಸುಗೆ ಹಾಕಿದ. ಹನ್ನೆರಡು ವೋಲ್ಟಿನ ಕರೆಂಟು ಹರಿಯಿತು. ಮೇಜಿನ ಮೇಲಿನ ಒಂದು ಮೊಳ ಹಳಿಯ ಮೇಲೆ ಇಂಜಿನ್ನು ಹಿಂದೆ ಮುಂದೆ ಓಡಿತು. ಕಾಕಾ ದುಡ್ಡು ಕೊಡಲು ಹೋದರು. ಅಂಗಡಿಕಾರರು ತೆಗೆದುಕೊಳ್ಳಲಿಲ್ಲ. ನಾನು ಕೊಡಿಸಿದೆ. ದುಡಿಮೆಗೆ ಕೂಲಿ ಸಲ್ಲಲೇಬೇಕು, ಅದು ಸ್ನೇಹದಲ್ಲಿಯೂ ತಪ್ಪಬಾರದು.

ಅದೇ ನನ್ನ ತೀರ್ಪು. ಕಾಕಾ ತಪ್ಪಿತಸ್ಥರಲ್ಲ, ಅಂಗಡಿಕಾರರ ಸಿಟ್ಟೂ ಸುಳ್ಳಲ್ಲ. ನಮ್ಮ ಊರಿನಲ್ಲಿ ತಂತಿಗೆ ಬೆಸುಗೆ ಹಾಕಿದ ಹುಡುಗನಿಗೆ ಕೂಲಿ ಸಿಕ್ಕಿತು, ಅವನ ಮುಖವನ್ನು ನಾವು ಕಂಡೆವು. ಸಮುದ್ರದಾಚೆ ಕಂಬಿ ಸೇರಿಸಿದ ಕೈಯ ಹೆಸರು ಮಾತ್ರ ಇನ್ನೂ ನಮಗೆ ತಿಳಿಯದು. ಅದನ್ನು ಕೇಳುವುದು ಗಿರಣಿಯವರಿಗೂ ಪೇಟೆಯವರಿಗೂ ಸೇರಿದ ಕೆಲಸ. ಒಬ್ಬರ ಮೇಲೊಬ್ಬರು ಕೂಗಾಡುವ ಬದಲು ಇಬ್ಬರೂ ಒಟ್ಟಿಗೆ ಕೇಳೋಣ.